ದಂಡಿನ ಬೀದಿಗಳಲ್ಲಿ ಕನ್ನಡದ ಕಥನ: ವಾರಪತ್ರಿಕೆಯ ಸಂಪಾದಕರ ಒಂದು ಪರಂಪರೆ

ಇಪ್ಪತ್ತನೆಯ ಶತಮಾನದ ಎರಡನೆಯ ಅರ್ಧದಲ್ಲಿ ಕನ್ನಡದ ಕತೆ, ಧಾರಾವಾಹಿ, ಅಂಕಣಗಳು ರೂಪುಗೊಂಡ ಕಚೇರಿಗಳಲ್ಲಿ ಬಹುಪಾಲು, ಕನ್ನಡವು ಬೀದಿಯ ಮೊದಲ ಭಾಷೆಯಾಗಿರದ ಪ್ರದೇಶವೊಂದರಲ್ಲಿದ್ದವು ಎಂಬುದು ಕನ್ನಡ ಪತ್ರಿಕೋದ್ಯಮದ ಇತಿಹಾಸದಲ್ಲಿ ಸಾಕಷ್ಟು ಗಮನಕ್ಕೆ ಬಾರದೆ ಉಳಿದ ಸಂಗತಿಯಾಗಿದೆ. 1809ರಲ್ಲಿ ಶ್ರೀರಂಗಪಟ್ಟಣದಿಂದ ಬ್ರಿಟಿಷ್ ಸೈನ್ಯ ಹಲಸೂರಿನ ಬದಿಗೆ ಬಂದು ಬೀಡುಬಿಟ್ಟ ಮೇಲೆ ಬೆಂಗಳೂರಿನ ಪೇಟೆಯಿಂದ ಪೂರ್ವಕ್ಕೆ ಬೆಳೆದ ಊರನ್ನು ಜನರು ದಂಡು ಎಂದು ಕರೆದರು. 1881ರಲ್ಲಿ ಮೈಸೂರು ಸಂಸ್ಥಾನವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ಈ ಭಾಗವನ್ನು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿಯೇ ಉಳಿಸಿಕೊಳ್ಳಲಾಯಿತು. ಇಂದಿನ ಶಿವಾಜಿನಗರ, ಹಲಸೂರುಗಳ ಕೇರಿಗಳಲ್ಲಿ ತಮಿಳು, ಉರ್ದು, ತೆಲುಗು ಮಾತುಗಳು ಹೆಚ್ಚಾಗಿ ಕೇಳಿಬಂದರೆ, ಸೌತ್ ಪರೇಡಿನ ಅಂಗಡಿಗಳಲ್ಲಿ ಇಂಗ್ಲಿಷಿನದೇ ಮೇಲುಗೈಯಾಗಿತ್ತು. ಕನ್ನಡದ ಅಚ್ಚುಕೂಟಗಳೂ ಪುಸ್ತಕದಂಗಡಿಗಳೂ ಚಿಕ್ಕಪೇಟೆ, ಬಳೇಪೇಟೆಗಳ ಆಸುಪಾಸಿನಲ್ಲಿದ್ದವು; 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಚಾಮರಾಜಪೇಟೆಯಲ್ಲಿ ನೆಲೆಯೂರಿತು.

ಸ್ವಾತಂತ್ರ್ಯಪೂರ್ವದ ಕನ್ನಡ ಸಂಪಾದಕನ ಬದುಕು ಇಂದಿನ ಅರ್ಥದಲ್ಲಿ ಉದ್ಯೋಗವಾಗಿರಲಿಲ್ಲ. 1908ರಲ್ಲಿ ಮೈಸೂರು ಸಂಸ್ಥಾನವು ವೃತ್ತಪತ್ರಿಕೆಗಳ ಕಾಯಿದೆಯನ್ನು ತಂದು, ಸರ್ಕಾರದ ಅನುಮತಿಯಿಲ್ಲದೆ ಪತ್ರಿಕೆ ನಡೆಸಲಾಗದಂತೆ ಮಾಡಿದ್ದರಿಂದ ಹಲವು ಪತ್ರಿಕೆಗಳು ಬಾಗಿಲು ಹಾಕಿದವು. ಅನಂತರದ ದಶಕಗಳಲ್ಲಿ ‘ವೀರಕೇಸರಿ’ಯ ಸೀತಾರಾಮಶಾಸ್ತ್ರಿ, ‘ವಿಶ್ವಕರ್ನಾಟಕ’ದ ತಿ.ತಾ. ಶರ್ಮ, ‘ತಾಯಿನಾಡು’ವಿನ ಪಿ.ಆರ್. ರಾಮಯ್ಯ ಮೊದಲಾದವರು ಪತ್ರಿಕೆಯನ್ನು ರಾಜಕೀಯ ಹೋರಾಟದ ಅಂಗವಾಗಿ ನಡೆಸಿದರು. ಅಂಥ ಪತ್ರಿಕೆಯಲ್ಲಿ ಬಂಡವಾಳ ಹೊಂದಿಸುವುದು, ಅಗ್ರಲೇಖನ ಬರೆಯುವುದು, ಕರಡಚ್ಚು ತಿದ್ದುವುದು, ಸಾಲಗಾರರಿಗೆ ಉತ್ತರ ಕೊಡುವುದು ಎಲ್ಲವೂ ಒಬ್ಬನ ಅಥವಾ ಇಬ್ಬರ ಹೆಗಲಿನ ಮೇಲೆಯೇ ಬೀಳುತ್ತಿತ್ತು. ಕತೆಗಳನ್ನು ಓದಿ ಆಯುವುದನ್ನೇ ಮುಖ್ಯ ಕೆಲಸವಾಗಿ ಮಾಡುತ್ತ, ತಿಂಗಳ ಸಂಬಳ ಪಡೆದು, ಉಪಸಂಪಾದಕನಿಂದ ಸಂಪಾದಕನವರೆಗೆ ಮೆಟ್ಟಿಲೇರುವ ವೃತ್ತಿಜೀವನವೊಂದು ಕನ್ನಡದಲ್ಲಿ ಸಾಧ್ಯವಾಗಲು ದೊಡ್ಡ ಬಂಡವಾಳದ ಸಂಸ್ಥೆಗಳು ಬರಬೇಕಾಯಿತು. ಆ ಸಂಸ್ಥೆಗಳು ನೆಲೆ ಕಂಡುಕೊಂಡದ್ದು ದಂಡಿನಲ್ಲಿ.

1947ರ ಜುಲೈ 26ರಂದು ದಂಡು ಪ್ರದೇಶವು ಮೈಸೂರು ಸಂಸ್ಥಾನಕ್ಕೆ ಮರಳಿ ಸೇರಿತು. ಬ್ರಿಟಿಷ್ ಅಧಿಕಾರಿಗಳ ಕುಟುಂಬಗಳು ಊರು ಬಿಟ್ಟು ಹೊರಡುತ್ತಿದ್ದ ಆ ದಿನಗಳಲ್ಲಿ, ಬಳ್ಳಾರಿ ಕಡೆಯಿಂದ ಬಂದು ಅಬಕಾರಿ ವ್ಯವಹಾರದಲ್ಲಿ ನೆಲೆಗೊಂಡಿದ್ದ ಕೆ.ಎನ್. ಗುರುಸ್ವಾಮಿಯವರು ಸೌತ್ ಪರೇಡಿನ ಮೇಲೆ, ಅಂದರೆ ಇಂದಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ, ಫನೆಲ್ಸ್ ಎಂಬ ಹೋಟೆಲು ನಡೆಯುತ್ತಿದ್ದ ಆವರಣವನ್ನು ಪತ್ರಿಕಾ ಕಚೇರಿಯಾಗಿ ಮಾರ್ಪಡಿಸಿದರು. ದಿ ಪ್ರಿಂಟರ್ಸ್ ಮೈಸೂರು ಎಂಬ ಕಂಪನಿಯ ಹೆಸರಿನಲ್ಲಿ 1948ರ ಜೂನ್ 17ರಂದು ಪೋತನ್ ಜೋಸೆಫರ ಸಂಪಾದಕತ್ವದ ‘ಡೆಕ್ಕನ್ ಹೆರಾಲ್ಡ್’ ಇಂಗ್ಲಿಷ್ ದೈನಿಕವೂ ಅದೇ ವರ್ಷದ ಅಕ್ಟೋಬರ್ 15ರಂದು ‘ಪ್ರಜಾವಾಣಿ’ಯೂ ಅಲ್ಲಿಂದ ಹೊರಟವು. ಕನ್ನಡ ದೈನಿಕವೊಂದು ಪೇಟೆಯನ್ನು ಬಿಟ್ಟು ಈ ರಸ್ತೆಯನ್ನು ಆರಿಸಿಕೊಂಡದ್ದಕ್ಕೆ ಭಾವುಕ ಕಾರಣಗಳನ್ನು ಹುಡುಕಬೇಕಾಗಿಲ್ಲ. ಯಂತ್ರಗಳಿಗೂ ಕಾಗದದ ದಾಸ್ತಾನಿಗೂ ಬೇಕಾದಷ್ಟು ವಿಶಾಲವಾದ ಆವರಣ ಇಲ್ಲಿತ್ತು, ಜಾಹೀರಾತು ಕೊಡುವ ಅಂಗಡಿಗಳು ಕಣ್ಣಳತೆಯಲ್ಲಿದ್ದವು, ಎರಡು ಭಾಷೆಯ ಪತ್ರಿಕೆಗಳು ಒಂದೇ ಸೂರಿನಡಿ ಯಂತ್ರವನ್ನೂ ವೆಚ್ಚವನ್ನೂ ಹಂಚಿಕೊಳ್ಳಬಹುದಾಗಿತ್ತು. ಕನ್ನಡ ಪತ್ರಿಕೆಗೆ ಗಟ್ಟಿಯಾದ ಆರ್ಥಿಕ ನೆಲೆ ಸಿಕ್ಕಿದ್ದು ಇಂಥ ವ್ಯಾವಹಾರಿಕ ಲೆಕ್ಕಾಚಾರದಿಂದ ಎಂಬುದನ್ನು ಒಪ್ಪಿಕೊಂಡರೆ ಮುಂದಿನ ಸಾಹಿತ್ಯಕ ಬೆಳವಣಿಗೆಯ ಬೆಲೆ ಕಿಂಚಿತ್ತೂ ಕಡಿಮೆಯಾಗುವುದಿಲ್ಲ.

‘ಪ್ರಜಾವಾಣಿ’ಯ ಮೊದಲ ಸಂಪಾದಕರಾದ ಬಿ. ಪುಟ್ಟಸ್ವಾಮಯ್ಯನವರು ಮೂಲತಃ ಕಥನಕಾರರಾಗಿದ್ದರು ಎಂಬುದು ಆಕಸ್ಮಿಕವಾದರೂ ಅರ್ಥಪೂರ್ಣವಾದ ಸಂಗತಿ. 1897ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರು ಗುಬ್ಬಿ ವೀರಣ್ಣನವರ ಕಂಪನಿಗೆ ‘ಕುರುಕ್ಷೇತ್ರ’ದಂಥ ನಾಟಕಗಳನ್ನು ಬರೆದು ಪ್ರೇಕ್ಷಕರ ನಾಡಿಯನ್ನು ಚೆನ್ನಾಗಿ ಅರಿತಿದ್ದರು. ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ಕುರಿತು ಅವರು ರಚಿಸಿದ ಆರು ಕಾದಂಬರಿಗಳ ಮಾಲೆಯಲ್ಲಿ ಒಂದಾದ ‘ಕ್ರಾಂತಿ ಕಲ್ಯಾಣ’ಕ್ಕೆ 1964ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಕಂಪನಿ ನಾಟಕದ ಕವಿಗೆ ಪ್ರತಿ ರಾತ್ರಿಯೂ ಪ್ರೇಕ್ಷಕರು ತೀರ್ಪು ಕೊಡುತ್ತಿದ್ದರು. ಯಾವ ದೃಶ್ಯ ಎಳೆಯಿತು, ಎಲ್ಲಿ ಚಪ್ಪಾಳೆ ಬಿದ್ದಿತು ಎಂಬ ಲೆಕ್ಕ ಅವನಿಗೆ ಕಂಠಪಾಠವಾಗಿರುತ್ತಿತ್ತು. ಆ ತಿಳಿವಳಿಕೆಯುಳ್ಳವರೊಬ್ಬರು ದೈನಿಕದ ಮೊದಲ ಸಂಪಾದಕರಾದದ್ದು ಪತ್ರಿಕೆಯ ಸ್ವಭಾವಕ್ಕೆ ಒಪ್ಪುವ ಆರಂಭವೇ ಆಗಿತ್ತು. ಅವರ ಅನಂತರ ದೀರ್ಘಕಾಲ ಪತ್ರಿಕೆಯನ್ನು ನಡೆಸಿದ ಟಿ.ಎಸ್. ರಾಮಚಂದ್ರರಾಯರು, ಓದುಗರ ಬಾಯಲ್ಲಿ ಟಿಎಸ್ಸಾರ್ ಆದವರು, ‘ಛೂಬಾಣ’ ಎಂಬ ಚುಟುಕು ಅಂಕಣದಿಂದ ಮನೆಮಾತಾದರು. ಸುದ್ದಿಯ ಒಂದು ಸಾಲನ್ನು ಎತ್ತಿಕೊಂಡು ಅದಕ್ಕೆ ಚುರುಕಾದ ಮರುಮಾತೊಂದನ್ನು ಜೋಡಿಸುವ ಆ ಅಂಕಣವು, ಅಗ್ರಲೇಖನವನ್ನು ಓದದ ಓದುಗನನ್ನೂ ರಾಜಕೀಯದ ಒಳಕ್ಕೆ ಕರೆದುಕೊಂಡು ಹೋಯಿತು.

ಕಥನದ ದೃಷ್ಟಿಯಿಂದ ದೈನಿಕದೊಳಗಿನ ಮುಖ್ಯ ಬೆಳವಣಿಗೆ ಸಾಪ್ತಾಹಿಕ ಪುರವಣಿ. ಪುರವಣಿಯೆಂದರೆ ದೈನಿಕದ ಜೊತೆಗೆ ವಾರಕ್ಕೊಮ್ಮೆ ಬರುವ, ಸುದ್ದಿಯ ಹಂಗಿಲ್ಲದೆ ಕತೆ, ಕವಿತೆ, ವಿಮರ್ಶೆಗಳಿಗೆ ಮೀಸಲಾದ ಹೆಚ್ಚುವರಿ ಪುಟಗಳು. ‘ಪ್ರಜಾವಾಣಿ’ಯಲ್ಲಿ ಬಹುಕಾಲ ದುಡಿದ ವೈ.ಎನ್. ಕೃಷ್ಣಮೂರ್ತಿಯವರು (1926–1999), ವೈಎನ್ಕೆ ಎಂಬ ಮೂರಕ್ಷರಗಳಿಂದಲೇ ಪರಿಚಿತರಾದವರು, ನವ್ಯ ಸಾಹಿತ್ಯಕ್ಕೆ ದೈನಿಕದ ಬಾಗಿಲನ್ನು ತೆರೆದವರಲ್ಲಿ ಪ್ರಮುಖರು. ವ್ಯಕ್ತಿಯ ಒಳತೋಟಿಯನ್ನೇ ವಸ್ತುವಾಗಿಸಿಕೊಂಡು ಹಳೆಯ ಕಾವ್ಯಭಾಷೆಯನ್ನು ತೊರೆದ ಆ ಹೊಸ ಬರವಣಿಗೆ ಕಾಲೇಜಿನ ಅಧ್ಯಾಪಕರ ವಲಯದಲ್ಲಿ, ಕೆಲವೇ ಪ್ರತಿಗಳು ಮಾರಾಟವಾಗುವ ಸಾಹಿತ್ಯ ಪತ್ರಿಕೆಗಳಲ್ಲಿ ಸುತ್ತುತ್ತಿದ್ದಾಗ, ಅದನ್ನು ಮಾರುಕಟ್ಟೆಯ ಧಾರಣೆ ನೋಡಲು ಪತ್ರಿಕೆ ಕೊಳ್ಳುವವನ ಮುಂದೆಯೂ ಇಡಬಹುದೆಂಬ ಧೈರ್ಯ ಸಂಪಾದಕನಿಗೆ ಬೇಕಾಗಿತ್ತು. ದೀಪಾವಳಿ ವಿಶೇಷಾಂಕವೂ ಅದರ ಕಥಾಸ್ಪರ್ಧೆಯೂ ಇದೇ ಧೈರ್ಯದ ಇನ್ನೊಂದು ಮುಖ. ಹೊಸ ಕತೆಗಾರನಿಗೆ ಆ ಸ್ಪರ್ಧೆಯ ಬಹುಮಾನವು ಊರಿನ ಸಾಹಿತ್ಯ ಸಂಘಗಳ ಯಾವ ಶಿಫಾರಸಿಗಿಂತಲೂ ದೊಡ್ಡ ಮನ್ನಣೆಯಾಯಿತು.

1965ರ ಜನವರಿಯಲ್ಲಿ ಇದೇ ಕಚೇರಿಯಿಂದ ‘ಸುಧಾ’ ವಾರಪತ್ರಿಕೆ ಹೊರಬಂದಾಗ ಪತ್ರಿಕಾ ಸಂಪಾದಕನೆಂಬ ಕಸುಬಿಗೆ ಪ್ರತ್ಯೇಕವಾದ ಅಂಗಳ ಸಿಕ್ಕಿತು. ಕನ್ನಡಕ್ಕೆ ವಾರಪತ್ರಿಕೆ ಹೊಸದಾಗಿರಲಿಲ್ಲ. ಹುಬ್ಬಳ್ಳಿ–ಧಾರವಾಡದ ಕಡೆ ‘ಕರ್ಮವೀರ’ 1921ರಿಂದಲೇ ಇತ್ತು, ಬೆಂಗಳೂರಿನಲ್ಲಿ ‘ಪ್ರಜಾಮತ’ವಿತ್ತು. ಆದರೆ ಮನೆಯ ಎಲ್ಲ ವಯಸ್ಸಿನವರಿಗೂ ಒಂದೊಂದು ಪುಟವನ್ನು ಯೋಜಿಸಿ, ಬಣ್ಣದ ಮುಖಪುಟ, ಧಾರಾವಾಹಿ, ವಿಜ್ಞಾನ, ಸಿನಿಮಾ, ಮಕ್ಕಳ ಚಿತ್ರಕಥೆ, ಪದಬಂಧ, ಓದುಗರ ಪ್ರಶ್ನೆ ಇವುಗಳನ್ನು ವಾರ ತಪ್ಪದೆ ಒಂದೇ ಹದದಲ್ಲಿ ಕೊಡುವ ವ್ಯವಸ್ಥೆಯನ್ನು ‘ಸುಧಾ’ ಗಟ್ಟಿಗೊಳಿಸಿತು. ಆರಂಭದ ವರ್ಷಗಳಲ್ಲಿ ಅದರ ಹೊಣೆ ಹೊತ್ತ ಇ.ಆರ್. ಸೇತೂರಾಂ ವಿಜ್ಞಾನವನ್ನು ಸರಳ ಕನ್ನಡದಲ್ಲಿ ಹೇಳಬಲ್ಲವರಾಗಿದ್ದರು. ಅನಂತರ ಎಂ.ಬಿ. ಸಿಂಗ್ ಅವರು ‘ಸುಧಾ’ವನ್ನೂ, 1968ರಲ್ಲಿ ಹುಟ್ಟಿದ ‘ಮಯೂರ’ ಮಾಸಪತ್ರಿಕೆಯನ್ನೂ ವರ್ಷಗಟ್ಟಲೆ ನಡೆಸಿ, ತಮ್ಮ ಹೆಸರನ್ನು ಮುಂದಿಡದೆ ಲೇಖಕರನ್ನು ಮುಂದಿಡುವ ಸಂಪಾದಕತ್ವಕ್ಕೆ ಮಾದರಿಯಾದರು. ಬೀಚಿಯವರ ‘ನೀವು ಕೇಳಿದಿರಿ?’ ಎಂಬ ಪ್ರಶ್ನೋತ್ತರ, ಎಚ್ಚೆಸ್ಕೆಯವರ ವ್ಯಕ್ತಿಚಿತ್ರಗಳು ‘ಸುಧಾ’ ಕೈಗೆ ಬಂದೊಡನೆ ಹುಡುಕಿ ಓದುವ ಪುಟಗಳಾದವು. ವಾರಪತ್ರಿಕೆಯಲ್ಲಿ ಹಿಡಿಸದ ನೀಳ್ಗತೆ, ಸ್ವಲ್ಪ ಬಿಗಿಯಾದ ಸಣ್ಣಕತೆಗಳಿಗೆ ‘ಮಯೂರ’ ಜಾಗ ಕೊಟ್ಟಿತು.

ಹಸ್ತಪ್ರತಿಯೊಂದು ಇಂಥ ಕಚೇರಿಯಲ್ಲಿ ಸಾಗುತ್ತಿದ್ದ ದಾರಿಯನ್ನು ಗಮನಿಸಿದರೆ ಸಂಪಾದಕನ ಕೆಲಸದ ನಿಜವಾದ ಸ್ವರೂಪ ತಿಳಿಯುತ್ತದೆ. ಅಂಚೆಯಲ್ಲಿ ಬಂದ ಕತೆ ಹಾಳೆಯ ಒಂದೇ ಮಗ್ಗುಲಲ್ಲಿ ಬರೆದದ್ದಾಗಿರಬೇಕು, ಜೊತೆಯಲ್ಲಿ ಅಂಚೆಚೀಟಿ ಹಚ್ಚಿದ ಸ್ವವಿಳಾಸದ ಲಕೋಟೆ ಇರಬೇಕು ಎಂಬುದು ಲೇಖಕರೆಲ್ಲರಿಗೂ ಗೊತ್ತಿದ್ದ ನಿಯಮ; ಒಪ್ಪಿಗೆಯಾಗದ ಕತೆ ಅದೇ ಲಕೋಟೆಯಲ್ಲಿ ವಿಷಾದ ಪತ್ರದೊಂದಿಗೆ ಹಿಂದಿರುಗುತ್ತಿತ್ತು. ಉಪಸಂಪಾದಕರ ಮೊದಲ ಓದು ಮುಗಿದು ಆಯ್ಕೆಯಾದ ಪ್ರತಿಯಲ್ಲಿ ಕಾಗುಣಿತ, ವಿರಾಮಚಿಹ್ನೆ, ಪ್ಯಾರಾ ವಿಭಾಗಗಳನ್ನು ಸರಿಪಡಿಸಿ, ಎಷ್ಟು ಪುಟವಾದೀತೆಂದು ಅಂದಾಜು ಹಾಕಿ, ಕಂಪೋಸಿಂಗ್ ವಿಭಾಗಕ್ಕೆ ಕಳಿಸಲಾಗುತ್ತಿತ್ತು. ಸೀಸದ ಮೊಳೆಗಳನ್ನು ಕೈಯಿಂದ ಜೋಡಿಸುವ ಪದ್ಧತಿಯಲ್ಲಿ ಕನ್ನಡವು ಕಂಪೋಸಿಟರನಿಗೆ ಕಠಿಣ ಭಾಷೆ. ಮೂಲಾಕ್ಷರಗಳ ಜೊತೆಗೆ ಗುಣಿತಾಕ್ಷರಗಳಿಗೂ ಒತ್ತಕ್ಷರಗಳಿಗೂ ಬೇರೆ ಬೇರೆ ಮೊಳೆಗಳಿದ್ದುದರಿಂದ ಅವನೆದುರಿನ ಗೂಡುಗಳ ಸಂಖ್ಯೆ ಇಂಗ್ಲಿಷಿನದಕ್ಕಿಂತ ಹಲವು ಪಟ್ಟು ಹೆಚ್ಚಾಗಿರುತ್ತಿತ್ತು. ಜೋಡಿಸಿದ ಸಾಲುಗಳು ಗ್ಯಾಲಿಯೆಂಬ ಉದ್ದನೆಯ ತಟ್ಟೆಗೆ ಬಂದು, ಅದರಿಂದ ತೆಗೆದ ಕರಡಚ್ಚನ್ನು ಒಬ್ಬ ಗಟ್ಟಿಯಾಗಿ ಓದುತ್ತಿದ್ದರೆ ಇನ್ನೊಬ್ಬ ಮೂಲಪ್ರತಿಯನ್ನು ಹಿಡಿದು ತಾಳೆ ನೋಡುತ್ತಿದ್ದ. ಕಲಾವಿದನು ಬರೆದ ಚಿತ್ರವನ್ನು ಸತುವಿನ ತಗಡಿಗೆ ಇಳಿಸಿ ಬ್ಲಾಕ್ ಮಾಡಿಸಬೇಕಾಗಿತ್ತು. ಪುಟ ಕಟ್ಟುವ ಹೊತ್ತಿಗೆ ಕತೆ ನಾಲ್ಕು ಸಾಲು ಹೆಚ್ಚಾದರೆ, ಲೇಖಕನಿಗೆ ನೋವಾಗದಂತೆ ಆ ನಾಲ್ಕು ಸಾಲನ್ನು ಎಲ್ಲಿಂದ ತೆಗೆಯಬೇಕೆಂದು ತೀರ್ಮಾನಿಸುವವನು ಸಂಪಾದಕ. ಧಾರಾವಾಹಿಯ ಕಂತು ಎಲ್ಲಿ ನಿಲ್ಲಬೇಕು, ‘ಮುಂದುವರಿಯುವುದು’ ಎಂಬ ಮಾತು ಯಾವ ವಾಕ್ಯದ ಕೆಳಗೆ ಬೀಳಬೇಕು ಎಂಬ ನಿರ್ಣಯವೂ ಅವನದೇ. ಹೆಚ್ಚಿನ ಸಾಹಿತ್ಯ ಚರಿತ್ರೆಗಳು ಲೇಖಕನಿಗೆ ಸಲ್ಲಿಸುವ ಕಥನಕೌಶಲದಲ್ಲಿ ಒಂದು ಪಾಲು ಈ ಮೇಜಿನ ಮೇಲೆ ಆದದ್ದು.

ಚಿತ್ರಗಳ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಡೆಕ್ಕನ್ ಹೆರಾಲ್ಡ್–ಪ್ರಜಾವಾಣಿ ಬಳಗದಲ್ಲಿ ಬಿ.ವಿ. ರಾಮಮೂರ್ತಿಯವರ ವ್ಯಂಗ್ಯಚಿತ್ರಗಳೂ, ಮುಂದೆ ಚಂದ್ರನಾಥ ಆಚಾರ್ಯರ ಕಥಾಚಿತ್ರಗಳೂ ಓದುಗರ ಕಣ್ಣನ್ನು ಪಳಗಿಸಿದವು. ಆಧುನಿಕ ಚಿತ್ರಕಲೆಯ ಗ್ಯಾಲರಿಯನ್ನು ಎಂದೂ ಕಾಣದ ತಾಲ್ಲೂಕು ಕೇಂದ್ರದ ಓದುಗನಿಗೆ ಗೆರೆ, ಕಪ್ಪು–ಬಿಳುಪಿನ ಹಂಚಿಕೆ, ಅರ್ಧ ತೋರಿಸಿ ಅರ್ಧ ಬಿಡುವ ರೂಪಗಳು ಪರಿಚಯವಾದದ್ದು ಕತೆಯ ಪಕ್ಕದ ಚಿತ್ರದಿಂದ.

ದಂಡಿನಲ್ಲಿ ಕುಳಿತು ಕನ್ನಡ ವಾರಪತ್ರಿಕೆ ನಡೆಸುವುದು ಸಂಪಾದಕನ ದೃಷ್ಟಿಯನ್ನು ಒಂದು ಬಗೆಯಲ್ಲಿ ರೂಪಿಸಿತು ಎಂದು ವಾದಿಸಬಹುದು. ಚಾಮರಾಜಪೇಟೆಯಲ್ಲಿಯೋ ಧಾರವಾಡದಲ್ಲಿಯೋ ಇದ್ದ ಸಂಪಾದಕನಿಗೆ ತನ್ನ ಓದುಗನು ಬೀದಿಯಲ್ಲಿಯೇ ಎದುರಾಗುತ್ತಿದ್ದ, ಆ ಊರಿನ ನುಡಿಗಟ್ಟು, ಆ ಕೇರಿಯ ರುಚಿಯೇ ಕನ್ನಡದ್ದೆಂಬ ನಂಬಿಕೆ ಹುಟ್ಟುವುದು ಅಲ್ಲಿ ಸುಲಭವಾಗಿತ್ತು. ಮಹಾತ್ಮ ಗಾಂಧಿ ರಸ್ತೆಯ ಸಂಪಾದಕನಿಗೆ ಆ ಅನುಕೂಲವಿರಲಿಲ್ಲ. ಕಚೇರಿಯ ಹೊರಗೆ ಕಾಲಿಟ್ಟರೆ ಇಂಗ್ಲಿಷ್, ತಮಿಳು, ದಖನಿ ಉರ್ದುಗಳ ಲೋಕ. ಓದುಗನನ್ನು ಅವನು ಕಂಡದ್ದು ಬೀದರ್, ಸಾಗರ, ಕೊಳ್ಳೇಗಾಲ, ಕಾಸರಗೋಡುಗಳಿಂದ ಬರುವ ಕಾಗದಗಳಲ್ಲಿ. 1956ರಲ್ಲಿ ಏಕೀಕರಣವಾಗಿ ಐದು ಆಡಳಿತಗಳ ಕನ್ನಡಿಗರು ಒಂದು ರಾಜ್ಯದೊಳಕ್ಕೆ ಬಂದಾಗ, ಹಳೆಯ ಮೈಸೂರಿನವರಿಗೆ ಹುಬ್ಬಳ್ಳಿಯ ಮಾತು, ಕರಾವಳಿಯವರಿಗೆ ಕಲಬುರಗಿಯ ಮಾತು ಪೂರ್ತಿ ಹಿಡಿಸದ ಸ್ಥಿತಿಯಿತ್ತು. ಸಂಭಾಷಣೆಯಲ್ಲಿ ಆಯಾ ಸೀಮೆಯ ಆಡುನುಡಿಗೆ ಅವಕಾಶ ಕೊಟ್ಟು, ನಿರೂಪಣೆಯಲ್ಲಿ ಎಲ್ಲರಿಗೂ ತಿಳಿಯುವ ನಡುಮಟ್ಟದ ಕನ್ನಡವನ್ನು ಉಳಿಸಿಕೊಳ್ಳುವ ಸಂಪಾದಕೀಯ ಅಭ್ಯಾಸ ಬೆಳೆದದ್ದು ಈ ಒತ್ತಡದಲ್ಲಿ. ಗಡಿಯಾಚೆಯ ಕಾಸರಗೋಡಿನ ಕೂಡ್ಲಿನಲ್ಲಿ ಹುಟ್ಟಿದ ಕೆ.ಟಿ. ಗಟ್ಟಿಯವರ ‘ಶಬ್ದಗಳು’ ಕಾದಂಬರಿ ‘ಸುಧಾ’ದಲ್ಲಿ ಧಾರಾವಾಹಿಯಾಗಿ ಬಂದು ಇಡೀ ರಾಜ್ಯದ ಓದುಗರಿಗೆ ಅವರನ್ನು ಪರಿಚಯಿಸಿದ್ದು ಈ ಅಭ್ಯಾಸಕ್ಕೆ ಒಳ್ಳೆಯ ನಿದರ್ಶನ.

ಮಹಾತ್ಮ ಗಾಂಧಿ ರಸ್ತೆ ಒಂಟಿಯಾಗಿ ಉಳಿಯಲಿಲ್ಲ. ಹುಬ್ಬಳ್ಳಿಯ ‘ಸಂಯುಕ್ತ ಕರ್ನಾಟಕ’ವು ಬೆಂಗಳೂರಿನ ಆವೃತ್ತಿಯನ್ನು ತಂದಾಗ ಅದರ ಕಚೇರಿ ರೆಸಿಡೆನ್ಸಿ ರಸ್ತೆಯಲ್ಲಿ ನೆಲೆಯೂರಿತು, ‘ಕರ್ಮವೀರ’, ‘ಕಸ್ತೂರಿ’ಗಳ ಒಡೆತನವೂ ಆ ಪತ್ರಿಕೆಯನ್ನು ನಡೆಸುವ ಲೋಕಶಿಕ್ಷಣ ಟ್ರಸ್ಟಿನದೇ. 1967ರ ನವೆಂಬರಿನಲ್ಲಿ ರಾಮನಾಥ ಗೋಯೆಂಕಾ ಅವರ ಎಕ್ಸ್‌ಪ್ರೆಸ್ ಬಳಗವು ಶಿವಾಜಿನಗರದ ಅಂಚಿನ ಕ್ವೀನ್ಸ್ ರಸ್ತೆಯಿಂದ ‘ಕನ್ನಡಪ್ರಭ’ವನ್ನು ಆರಂಭಿಸಿತು. ಈ ಮೂರು ಕಚೇರಿಗಳು ನಡೆದುಹೋಗುವಷ್ಟು ದೂರದಲ್ಲಿದ್ದುದರಿಂದ ಸಂಪಾದಕರ ವೃತ್ತಿಜೀವನಕ್ಕೆ ಒಂದು ಚಲನೆ ಬಂದಿತು. ಖಾದ್ರಿ ಶಾಮಣ್ಣನವರು ‘ಪ್ರಜಾವಾಣಿ’, ‘ಕನ್ನಡಪ್ರಭ’, ‘ಸಂಯುಕ್ತ ಕರ್ನಾಟಕ’ಗಳಲ್ಲಿ ದುಡಿದರು, ವೈಎನ್ಕೆ ‘ಪ್ರಜಾವಾಣಿ’ಯ ಅನಂತರ ‘ಕನ್ನಡಪ್ರಭ’ದ ಸಂಪಾದಕರಾದರು. ಒಬ್ಬ ಸಂಪಾದಕ ಕಚೇರಿ ಬದಲಿಸಿದಾಗ ಅವನ ಲೇಖಕರ ಬಳಗದ ಒಂದು ಭಾಗವೂ, ಪುಟ ಕಟ್ಟುವ ರೀತಿಯೂ ಜೊತೆಗೆ ಹೋಗುತ್ತಿದ್ದವು. ವಾರ್ತಾ ಇಲಾಖೆಯ ‘ಜನಪದ’ ಮಾಸಿಕ ಹೊರಡುತ್ತಿದ್ದದ್ದು ಸಮೀಪದ ಇನ್‌ಫೆಂಟ್ರಿ ರಸ್ತೆಯಿಂದ. ಇದೇ ಪ್ರದೇಶದಲ್ಲಿ ‘ಸಾಲಾರ್’ ಉರ್ದು ದೈನಿಕವೂ ‘ದಿನಸುಡರ್’ ತಮಿಳು ದೈನಿಕವೂ 1960ರ ದಶಕದಿಂದ ನಡೆದವು. ‘ದಿನಸುಡರ್’ ಸ್ಥಾಪಿಸಿದ ಬಿ.ಎಸ್. ಮಣಿಯವರೇ 1982ರಲ್ಲಿ ‘ಸಂಜೆವಾಣಿ’ ಎಂಬ ಕನ್ನಡ ಸಂಜೆ ಪತ್ರಿಕೆಯನ್ನು ಹೊರತಂದರು. ದಂಡಿನ ಭಾಷೆಗಳ ನಡುವಿನ ಸಂಬಂಧವನ್ನು ಕೇವಲ ಜಗಳವೆಂದು ಚಿತ್ರಿಸುವವರು ಈ ಸಂಗತಿಯನ್ನು ಗಮನಿಸಬೇಕು.

ಜಗಳವೇ ಇರಲಿಲ್ಲವೆಂದಲ್ಲ. 1960ರ ದಶಕದಲ್ಲಿ ಬೆಂಗಳೂರಿನಲ್ಲಿ ಕನ್ನಡದ ಸ್ಥಾನಮಾನಕ್ಕಾಗಿ ನಡೆದ ಚಳವಳಿಯ ಮುಂಚೂಣಿಯಲ್ಲಿ ಕಾದಂಬರಿಕಾರ ಅ.ನ.ಕೃ. ಅವರೂ, ‘ವೀರಕೇಸರಿ’ ಸೀತಾರಾಮಶಾಸ್ತ್ರಿಗಳ ಮಗ ಮ. ರಾಮಮೂರ್ತಿಯವರೂ ಇದ್ದರು. ಪತ್ತೇದಾರಿ ಕಾದಂಬರಿಗಳನ್ನು ಬರೆದು, ಪತ್ರಿಕೆ ನಡೆಸಿ, ಹಳದಿ–ಕೆಂಪಿನ ಕನ್ನಡ ಬಾವುಟವನ್ನು ರೂಪಿಸಿದ ರಾಮಮೂರ್ತಿಯವರ ಜೀವನದಲ್ಲಿ ಕಥನ, ಸಂಪಾದನೆ, ಚಳವಳಿ ಮೂರೂ ಒಂದಾಗಿದ್ದವು. ಚಳವಳಿಗೆ ಬಲ ತಂದ ಜನರಲ್ಲಿ ನಗರದ ಪೂರ್ವದ ಕಾರ್ಖಾನೆಗಳ ನೌಕರರೂ ಇದ್ದರು. 1940ರಲ್ಲಿ ಆರಂಭವಾದ ವಿಮಾನ ಕಾರ್ಖಾನೆ, 1948ರಲ್ಲಿ ಕೃಷ್ಣರಾಜಪುರದ ಬಳಿ ತಲೆಯೆತ್ತಿ ದೂರವಾಣಿನಗರಕ್ಕೆ ಹೆಸರು ಕೊಟ್ಟ ದೂರವಾಣಿ ಕಾರ್ಖಾನೆ ಐಟಿಐ, ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಇವು ತುಮಕೂರು, ಮಂಡ್ಯ, ಹಾಸನ, ಕೋಲಾರಗಳಿಂದ ಓದುಬರಹ ಬಲ್ಲ ಯುವಕರನ್ನು ಕರೆತಂದವು. ಕಾರ್ಖಾನೆಗಳ ಕನ್ನಡ ಸಂಘಗಳು ರಾಜ್ಯೋತ್ಸವ, ನಾಟಕ, ಕವಿಗೋಷ್ಠಿ, ವಾಚನಾಲಯಗಳನ್ನು ನಡೆಸಿದವು. ಪಾಳಿಯ ಕೆಲಸ ಮುಗಿಸಿ ಬಂದವನು ಕ್ವಾರ್ಟರ್ಸಿನ ಮನೆಗೆ ಒಯ್ಯುವ ವಾರಪತ್ರಿಕೆಯನ್ನು ಹೆಂಡತಿ, ಮಕ್ಕಳು, ಪಕ್ಕದ ಮನೆಯವರು ಸರದಿಯಲ್ಲಿ ಓದುತ್ತಿದ್ದರು. ಮುಂದೆ ಬೆಳೆದ ಇಂದಿರಾನಗರದ ಬಡಾವಣೆಯಲ್ಲಿ ಇಂಥ ಉದ್ಯೋಗಗಳಿಂದ ನಿವೃತ್ತರಾದವರು ಮನೆ ಕಟ್ಟಿದಾಗ ಪತ್ರಿಕೆಯ ಚಂದಾದಾರಿಕೆಯೂ ಅವರೊಡನೆ ಬಂದಿತು. ಹೀಗೆ ಕನ್ನಡದ ಓದುಗರು ಕಚೇರಿಯ ಕಿಟಕಿಗೆ ಹತ್ತಿರವಾದದ್ದು ಪತ್ರಿಕೆಗಳು ಅಲ್ಲಿ ನೆಲೆನಿಂತು ಬಹುಕಾಲವಾದ ಮೇಲೆ.

ಮಹಿಳೆಯರ ವಿಷಯದಲ್ಲಿ ವಾರಪತ್ರಿಕೆಯ ಸಂಪಾದಕರು ವಿಮರ್ಶಕರಿಗಿಂತ ಮುಂದಿದ್ದರು. ಎಂ.ಕೆ. ಇಂದಿರಾ, ಅನುಪಮಾ ನಿರಂಜನ, ಉಷಾ ನವರತ್ನರಾಂ, ಸಾಯಿಸುತೆ ಮೊದಲಾದವರ ಕಾದಂಬರಿಗಳನ್ನು ಮನೆಮನೆಗೆ ತಲುಪಿಸುವಲ್ಲಿ ಪತ್ರಿಕೆಗಳ ಪಾತ್ರ ಬಲು ದೊಡ್ಡದು. ಜನಪ್ರಿಯವೆಂಬ ಒಂದೇ ಕಾರಣಕ್ಕೆ ಈ ಬರಹವನ್ನು ಕೀಳಾಗಿ ಕಂಡ ವಿಮರ್ಶೆಯು, ಅದನ್ನು ಆಯ್ದು ಪ್ರಕಟಿಸಿದ ಸಂಪಾದಕನನ್ನೂ ಬರಿಯ ವ್ಯಾಪಾರಿಯಂತೆ ಕಂಡಿತು. ಇದು ಅನ್ಯಾಯದ ತೀರ್ಪು. ಅಡುಗೆಮನೆಯ ಕೆಲಸದ ನಡುವೆ ಪೆನ್ಸಿಲಿನಲ್ಲಿ ಬರೆದು ಕಳಿಸಿದ ಕತೆಯನ್ನೂ ಪ್ರಾಧ್ಯಾಪಕರ ಕತೆಯನ್ನೂ ಒಂದೇ ಅಂಚೆಚೀಲದಿಂದ ತೆಗೆದು ಓದಿದ ಸಂಪಾದಕರಿಲ್ಲದಿದ್ದರೆ ಕನ್ನಡದ ಎರಡು ತಲೆಮಾರುಗಳ ಬರಹಗಾರ್ತಿಯರಿಗೆ ಪ್ರಕಟಣೆಯ ದಾರಿಯೇ ತೆರೆಯುತ್ತಿರಲಿಲ್ಲ.

1980ರ ದಶಕ ಈ ವ್ಯವಸ್ಥೆಯನ್ನು ಎರಡು ಕಡೆಯಿಂದ ತಟ್ಟಿತು. ‘ಪ್ರಜಾವಾಣಿ’ಗೆ ಅಂಕಣ ಬರೆಯುತ್ತಿದ್ದ ಪಿ. ಲಂಕೇಶರು 1980ರ ಜುಲೈಯಲ್ಲಿ ತಮ್ಮದೇ ‘ಲಂಕೇಶ್ ಪತ್ರಿಕೆ’ಯನ್ನು ಜಾಹೀರಾತುಗಳ ಹಂಗಿಲ್ಲದೆ ಆರಂಭಿಸಿ, ಸಂಪಾದಕನ ವ್ಯಕ್ತಿತ್ವವನ್ನೇ ಪತ್ರಿಕೆಯ ಕೇಂದ್ರಕ್ಕೆ ತಂದರು. 1983ರಲ್ಲಿ ಮಣಿಪಾಲದಿಂದ ಸಂತೋಷಕುಮಾರ ಗುಲ್ವಾಡಿಯವರ ಸಂಪಾದಕತ್ವದಲ್ಲಿ ಬಂದ ‘ತರಂಗ’ವು ಅಚ್ಚಿನ ಅಂದದಲ್ಲಿಯೂ ವಿಷಯ ವೈವಿಧ್ಯದಲ್ಲಿಯೂ ‘ಸುಧಾ’ಕ್ಕೆ ನೇರ ಪೈಪೋಟಿ ಕೊಟ್ಟಿತು. ಸ್ಪರ್ಧೆಯಿಂದ ಓದುಗನಿಗೆ ಲಾಭವಾಯಿತು. ವಿಜ್ಞಾನ, ಪರಿಸರ, ಕೃಷಿಗಳ ಬರಹಕ್ಕೆ ಹೆಚ್ಚು ಪುಟ ಸಿಕ್ಕಿತು, ಮತ್ತು ‘ಪ್ರಜಾವಾಣಿ’ಯ ವಿಜ್ಞಾನ ಅಂಕಣದಿಂದ ಹೆಸರಾಗಿ ಮುಂದೆ ‘ಸುಧಾ’ದ ಹೊಣೆಯನ್ನೂ ಹೊತ್ತ ನಾಗೇಶ ಹೆಗಡೆಯವರಲ್ಲಿ ಸೇತೂರಾಂ ಅವರ ಕಾಲದ ವಿಜ್ಞಾನ ಕಥನ ಹೊಸ ಹರಿತವನ್ನು ಪಡೆಯಿತು. ಮೊಳೆಯ ಜೋಡಣೆ ಹೋಗಿ ಫೋಟೊ ಕಂಪೋಸಿಂಗ್, ಅನಂತರ ಕಂಪ್ಯೂಟರ್ ಬಂದವು. ಧಾರಾವಾಹಿ ಎಂದೊಡನೆ ನೆನಪಾಗುವ ಜಾಗವನ್ನು 1990ರ ದಶಕದಿಂದ ಟಿವಿ ಆಕ್ರಮಿಸಿಕೊಂಡಾಗ ವಾರಪತ್ರಿಕೆಯ ಕಂತು ಮೊದಲಿನ ಕಾತರವನ್ನು ಕಳೆದುಕೊಂಡಿತು; ಮಾಸಪತ್ರಿಕೆಯ ಸಣ್ಣಕತೆ ಮತ್ತು ದೀಪಾವಳಿ, ಯುಗಾದಿ ವಿಶೇಷಾಂಕಗಳ ಸ್ಪರ್ಧೆಗಳು ಹೆಚ್ಚು ಬಾಳಿದವು.

ಈ ಪರಂಪರೆಯ ಅಧ್ಯಯನಕ್ಕೆ ಆಕರ ಎಂದರೆ ಹಳೆಯ ಸಂಚಿಕೆಗಳ ಕಟ್ಟುಗಳೇ. ಪುಸ್ತಕವಾಗಿ ಅಚ್ಚಾದಾಗ ಧಾರಾವಾಹಿಯ ಕಂತಿನ ಗಡಿಗಳು, ಚಿತ್ರಗಳು, ಮುಂದಿನ ವಾರ ಓದುಗರು ಬರೆದ ಆಕ್ಷೇಪ–ಮೆಚ್ಚುಗೆಗಳು ಎಲ್ಲವೂ ಬಿದ್ದುಹೋಗಿರುತ್ತವೆ, ಸಂಪ್ರತಿ ಓದುಗನ ಕೈಗೆ ಸಿಗುವುದು ಕಾದಂಬರಿ ಮಾತ್ರ. ಒಂದು ಕತೆಯನ್ನು ಅದು ಮೊದಲು ಅಚ್ಚಾದ ವಾರದ ಸಂಚಿಕೆಯಲ್ಲಿ, ಅದರ ಎದುರು ಪುಟದ ಜಾಹೀರಾತು ಮತ್ತು ಅದರ ಹಿಂದಿನ ಪುಟದ ಪ್ರಶ್ನೋತ್ತರಗಳ ಜೊತೆ ಓದಿದಾಗ, ಆ ವಾರ ಅದನ್ನು ಅಲ್ಲಿ ಇಟ್ಟ ಸಂಪಾದಕನ ಲೆಕ್ಕಾಚಾರ ಸ್ಪಷ್ಟವಾಗಿ ಕಾಣುತ್ತದೆ. ಗ್ರಂಥಾಲಯಗಳು ಬಿಡಿ ಸಂಚಿಕೆಗಳನ್ನು ರದ್ದಿಗೆ ಹಾಕದೆ ವರ್ಷವಾರು ಕಟ್ಟಿಸಿಡಬೇಕು, ಲೇಖಕರ ಮತ್ತು ಕಲಾವಿದರ ಹೆಸರುಗಳ ಸೂಚಿಯೊಂದನ್ನು ಅವುಗಳಿಗೆ ಸಿದ್ಧಪಡಿಸಬೇಕು. ಪುಟ್ಟಸ್ವಾಮಯ್ಯ, ಟಿಎಸ್ಸಾರ್, ಸೇತೂರಾಂ, ಸಿಂಗ್, ವೈಎನ್ಕೆ ಇವರ ಕೆಲಸವನ್ನು ತೂಗಿನೋಡಲು ಅದಕ್ಕಿಂತ ಹತ್ತಿರದ ದಾರಿಯಿಲ್ಲ.